ಜೋಡಿ ಹಿಮ್ಮಡಿಯ ರೇಟು

ಶಾಕ್‌ವೇವ್ ಅಂದರೆ ಕರೆಂಟು ಕೊಡುವುದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅರ್ಧ ಜನ ಹೆಸರು ಕೇಳಿಯೇ ವಾಪಸು ಬರುತ್ತಾರೆ, ಉಳಿದರ್ಧ ಜನ ಸ್ವಲ್ಪ ಜಾಸ್ತಿ ಇಡಿ ಎಂದು ಕೇಳುತ್ತಾರೆ. ಹಿಡಿಕೆಯಿರುವ ಒಂದು ಯಂತ್ರ. ನೋವಿರುವ ಜಾಗಕ್ಕೆ ಜೆಲ್ ಹಚ್ಚಿ ಅದನ್ನು ಒತ್ತಿ ಹಿಡಿದರೆ ಟಕಟಕ ಎಂದು ಹೊಡೆಯುತ್ತದೆ. ವಾರಕ್ಕೊಂದು ಸಲದಂತೆ ಕೆಲವು ಸಲ ಹೋಗಬೇಕು. ಹೊಡೆಸಿಕೊಳ್ಳುವಾಗ ದುಡ್ಡು ಕೊಟ್ಟು ಇದನ್ನೇಕೆ ಮಾಡಿಸಿಕೊಳ್ಳುತ್ತಿದ್ದೇನೆ ಎನ್ನಿಸುತ್ತದೆ. ಆಮೇಲೆ ನಿಧಾನಕ್ಕೆ ಗುಣ ಕಾಣುತ್ತದೆ, ಎಲ್ಲರಿಗೂ ಅಲ್ಲ.

ನನಗೆ ಕಂಡಿತ್ತು. ರಾಯದುರ್ಗದಲ್ಲಿ ನನ್ನದೊಂದು ಜೀನ್ಸ್ ಹೊಲಿಸುವ ಯೂನಿಟ್ಟಿದೆ. ಬಾಡಿಗೆಯ ಮಿಷನ್ ಒಂದರಿಂದ ಶುರು ಮಾಡಿದವಳು ನಾನು. ಬಟ್ಟೆ, ದಾರ, ಜಿಪ್ಪು ಯಾವುದನ್ನೂ ಹೇಳಿದ ಬೆಲೆಗೆ ತಂದಿಲ್ಲ. ಕಟಿಂಗ್ ಟೇಬಲ್ಲಿನ ಮುಂದೆ ನಿಂತೂ ನಿಂತೂ ಹಿಮ್ಮಡಿ ಹಿಡಿದುಕೊಂಡಾಗ ಬಳ್ಳಾರಿಗೆ ಹೋಗಿ ಈ ಹೊಡೆತ ತಿಂದು ಬಂದೆ. ಒಂದು ಸಿಟ್ಟಿಂಗಿಗೆ ಒಬ್ಬ ಹೊಲಿಗೆಯವಳ ಎರಡು ಮೂರು ದಿನದ ಕೂಲಿಯಷ್ಟು ಆಯಿತು. ಗುಣವಾದ ಖುಷಿಯಲ್ಲಿ ಮಡಕಶಿರದ ಅಕ್ಕನಿಗೆ ಫೋನು ಮಾಡಿ ಎಲ್ಲ ವರ್ಣಿಸಿದೆ. ಅವಳಿಗೂ ಹಿಮ್ಮಡಿ ನೋವಿತ್ತು.

ಅಕ್ಕ ರೇಷ್ಮೆ ಹುಳು ಸಾಕುತ್ತಾಳೆ. ಹುಳುಮನೆ ಅವಳದೇ ದುಡ್ಡಿನದು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಗೂಡು ಕಟ್ಟುವವರೆಗೆ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಆಗ ಕೂತವಳ ಬೆಳೆ ಹೋದಂತೆಯೇ. ಹಿಂದಿನ ಬೆಳೆಯಲ್ಲಿ ಅಕ್ಕ ಕೂತಿದ್ದಳು. ಈ ಸಲವೂ ಹಾಗಾದರೆ ಹಿಪ್ಪುನೇರಳೆ ಕಿತ್ತು ಕಡ್ಲೆಕಾಯಿ ಹಾಕುವುದೆಂದು ಭಾವ ತೀರ್ಮಾನ ಮಾಡಿದ್ದರು. ಅವರು ಕುರಿಯವರು. ಹುಳುವಿನ ಬಗ್ಗೆ ಅವರಿಗೆ ಯಾವತ್ತೂ ಮರ್ಯಾದೆ ಇರಲಿಲ್ಲ.

ನಾನು ಮಡಕಶಿರಕ್ಕೆ ಹೋದಾಗ ಅಕ್ಕ ಮಂಚದ ಮೇಲೆ ಎರಡೂ ಕಾಲು ಚಾಚಿ ಕೂತಿದ್ದಳು. ಎರಡು ಹಿಮ್ಮಡಿಯೂ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ನಿನಗ ನೋವಿದ್ದದ್ದು ಬಲಗಾಲು ಅಲ್ಲೇನ?" ಎಂದೆ.

"ಬಲಗಾಲೇ ಕಣೆ," ಅಂದಳು ಅಕ್ಕ. ಹುಟ್ಟಿದ್ದು ರಾಯದುರ್ಗದಲ್ಲಾದರೂ ಅವಳ ಮಾತು ಎಂದೋ ಮಡಕಶಿರದ್ದಾಗಿದೆ. "ನಿಮ್ ಭಾವ ಜೋಡಿ ರೇಟು ಮಾತಾಡ್ಬುಟ್ಟವ್ರೆ."

ಸಂತೆಯಲ್ಲಿ ಕುರಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಒಪ್ಪಿಗೆಯಾದರೆ ಮುಂಗಡ ಕೊಡುತ್ತಾರೆ, ಅದು ಬಯಾನ. ಬಯಾನ ಕೊಟ್ಟ ಮೇಲೆ ಹಿಂದೆ ಸರಿದವನ ಕೈ ಮುಂದಿನ ಸಂತೆಯಲ್ಲಿ ಯಾರೂ ಹಿಡಿಯುವುದಿಲ್ಲ. ಒಂದು ಕುರಿಯ ಬೆಲೆ ಬೇರೆ, ಜೋಡಿಯ ಬೆಲೆ ಬೇರೆ. ಅಕ್ಕನನ್ನು ಶಾಕ್‌ವೇವ್‌ಗೆಂದು ಕರೆದುಕೊಂಡು ಹೋದ ಹಿಂದೂಪುರದ ಕ್ಲಿನಿಕ್ಕಿನಲ್ಲೂ ಭಾವ ಇದೇ ಲೆಕ್ಕ ಹಾಕಿ, ಒಂದು ಹಿಮ್ಮಡಿಯ ರೇಟಿಗೆ ಎರಡು ಹಿಮ್ಮಡಿ ಗಿಟ್ಟಿಸಿ, ಬಯಾನ ಕೊಟ್ಟು ಬಂದಿದ್ದರು. ಮೊದಲ ಸಿಟ್ಟಿಂಗೂ ಮುಗಿದಿತ್ತು.

"ಎಡಗಾಲು ಯಾಕ ಕೊಟ್ರಿ ಭಾವ, ಅದು ಚೆಂದಾಗೇ ಇತ್ತಲ್ರಿ," ಎಂದೆ.

"ಅದು ಪುಕ್ಕಟೆ ಕಣಮ್ಮ ನಾದ್ನಿ. ನೀನು ಬಳ್ಳಾರೀಲಿ ಒಂದ್ ಕಾಲಿಗೇ ಅಷ್ಟು ಸುರುದ್ಬಂದೆ. ನಿನ್ನ ವ್ಯಾಪಾರ ಜೀನ್ಸ್‌ಗೇ ಸರಿ."

"ಕೇಳಿದ ಕೂಡ್ಲೆ ಇಳಿದ್ರೇನು ಅವ್ರು?"

"ಎರಡನೇ ಮಾತಿಗೇ ಇಳ್ದ. ಒಳ್ಳೆ ಮನುಷ್ಯ."

ಎರಡನೇ ಮಾತಿಗೆ ಇಳಿಯುವವನ ಹತ್ತಿರ ನಾನು ದಾರದ ಉಂಡೆಯನ್ನೂ ತರುವುದಿಲ್ಲ. ಮರುದಿನ ಮೂವರೂ ಹೊರಟೆವು.

ಕ್ಲಿನಿಕ್ಕು ಮೊಬೈಲು ಅಂಗಡಿಯ ಮೇಲಿತ್ತು. ಯಂತ್ರದವನು ಬಿಳಿ ಕೋಟು ಹಾಕಿಕೊಂಡು ಕುರ್ಚಿ ತೋರಿಸಿದ. ನಾನು ಕೂರಲಿಲ್ಲ, ಗೋಡೆ ನೋಡಿದೆ. ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲು ಗೋಡೆ ನೋಡಬೇಕು. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕು ಜಿಲ್ಲೆಯ ವೈದ್ಯಾಧಿಕಾರಿ, ಅಂದರೆ ಡಿಎಂಹೆಚ್‌ಒ ಆಫೀಸಿನಲ್ಲಿ ನೋಂದಣಿಯಾಗಿರಬೇಕು, ಆ ಸರ್ಟಿಫಿಕೇಟು ಜನರಿಗೆ ಕಾಣುವಂತಿರಬೇಕು. ಅದರಲ್ಲಿ ಹೆಸರು, ವಿಳಾಸ, ಗಡುವು ಓದಬೇಕು. ಇಲ್ಲಿಯೂ ಒಂದು ಕಾಗದ ಫ್ರೇಮಿನಲ್ಲಿತ್ತು, ಅದಕ್ಕೆ ಹೂವಿನ ಹಾರವಿತ್ತು. ಹಾರ ಸರಿಸಿ ಓದಿದೆ.

"ಇದು ಮುನಿಸಿಪಾಲ್ಟಿಯೋರು ಅಂಗಡಿಗೆ ಕೊಡೋದ್ರಿ. ಬೋಂಡಾ ಕರಿಯೋರಿಗೂ ಇದನ್ನೇ ಕೊಡ್ತಾರ. ಡಿಎಂಹೆಚ್‌ಒ ಆಫೀಸಿಂದು ತೋರಸ್ರಿ."

"ಜಿಲ್ಲೆ ಒಡೆದು ನಮ್ದು ಬೇರೆ ಆಯ್ತಲ್ಲಮ್ಮ. ಫೈಲು ಅನಂತಪುರದಾಗೇ ಉಳ್ಕಂಡೈತೆ," ಅಂದ.

"ಕಾಲಿಗೆ ಮಿಷನ್ ಇಡೋರು ಯಾರು?"

"ನಾನೇ."

"ಏನು ಓದೀರಿ?"

"ಮಿಷನ್ ಕಂಪನಿಯವ್ರು ಎರಡು ದಿನ ಟ್ರೈನಿಂಗ್ ಕೊಟ್ಟವ್ರೆ."

"ಓವರ್‌ಲಾಕ್ ಮಿಷನ್ನಿಗೆ ಕೂಡಿಸೋ ಮುಂಚೆ ಹುಡುಗೇರಿಗೆ ನಾನು ಒಂದು ತಿಂಗಳು ಕಲಿಸ್ತೀನಿ. ಅದೂ ಪ್ಯಾಂಟಿಗೆ."

ಬಿಲ್ಲಿನಲ್ಲಿ ಯಂತ್ರದ ಹೆಸರು ಬರೆದುಕೊಡಿ ಎಂದೆ. ಬಿಲ್ಲು ಪುಸ್ತಕ ಮುಗಿದಿದೆಯಂತೆ. ಯಂತ್ರ ಮುಟ್ಟಿ ನೋಡಿದೆ, ಹೆಸರಿನ ಚೀಟಿ ಕಿತ್ತುಹೋಗಿತ್ತು. ಹೊಡೆಯುವ ಭಾಗ ಸವೆಯುತ್ತದೆ, ಆಗಾಗ ಬದಲಿಸಬೇಕು, ಅದಕ್ಕೇ ಇದರ ರೇಟು ಒಂದು ಮಟ್ಟಕ್ಕಿಂತ ಇಳಿಯುವುದಿಲ್ಲ ಎಂದು ಬಳ್ಳಾರಿಯವರು ನನಗೆ ಹೇಳಿದ್ದರು. ಇಲ್ಲಿ ಆ ಖರ್ಚು ಯಾರಿಗೂ ಬಿದ್ದಂತೆ ಕಾಣಲಿಲ್ಲ. ಬಯಾನ ವಾಪಸು ಕೊಡಿ ಎಂದೆ.

"ಅಡ್ವಾನ್ಸು ವಾಪಸಿಲ್ಲಮ್ಮ. ಬೇಕಾದ್ರೆ ಮನೆಯವರು ಯಾರಾದ್ರೂ ಮಾಡಿಸ್ಕೊಬೋದು."

ಇದನ್ನು ಕೇಳಿ ಭಾವ ಚಪ್ಪಲಿ ಬಿಟ್ಟು ಮಂಚದ ಮೇಲೆ ಬೋರಲು ಮಲಗಿದರು.

"ನಿಮಗೆ ಎಲ್ಲಿ ನೋವು?" ಎಂದು ಅವನು ಕೇಳಿದ.

"ಎಲ್ಲೂ ಇಲ್ಲ. ಮಾತು ಕೊಟ್ಟಿವ್ನಿ, ಮಾಡು."

"ಏಳ್ರಿ ಭಾವ," ಎಂದೆ.

"ನೀ ಸುಮ್ನಿರಮ್ಮ. ಬಯಾನ ಬಿಟ್ಟು ಹೋದ ಅಂತ ನಾಳೆ ಇವ್ನು ನಾಲ್ಕು ಜನಕ್ಕೆ ಹೇಳ್ಕಂಡು ತಿರುಗ್ತಾನೆ."

ಅವನು ಮಾಡಿದ. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಎಡ ಮುಗಿದ ಮೇಲೆ ಭಾವ ತಾವೇ ಬಲಗಾಲು ಮುಂದೆ ಮಾಡಿದರು.

ಅಲ್ಲಿಂದ ಅಕ್ಕ, ಭಾವ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಅದೇ ಊರಿನ ಒಬ್ಬ ಮೂಳೆ ಡಾಕ್ಟರ ಹತ್ತಿರ ಹೋದೆ. ಅಲ್ಲಿ ಗೋಡೆಯ ಮೇಲೆ ಸರ್ಟಿಫಿಕೇಟೂ ಇತ್ತು, ರೇಟಿನ ಬೋರ್ಡೂ ಇತ್ತು. ಡಾಕ್ಟರ ಫೀಜು, ಎಕ್ಸ್‌ರೇ, ಸಿಟ್ಟಿಂಗು ಎಲ್ಲ ಬೇರೆ ಬೇರೆ ಬರೆದಿದ್ದರು. ಯಂತ್ರ ಹಿಡಿಯುವ ಫಿಸಿಯೋಥೆರಪಿ ಹುಡುಗಿಯ ಡಿಗ್ರಿ ಅವಳ ಮೇಜಿನ ಹಿಂದಿತ್ತು. ನಾನು ಮಾತು ಶುರು ಮಾಡಿದೆ. ಪ್ಯಾಕೇಜಿಗೆ ಎಷ್ಟು ಬಿಡುತ್ತೀರಿ, ಎರಡು ಸಿಟ್ಟಿಂಗಿಗೇ ನೋವು ಹೋದರೆ ಉಳಿದದ್ದು ವಾಪಸೋ, ಸರ್ಕಾರದ ಆರೋಗ್ಯ ಕಾರ್ಡು ನಡೆಯುತ್ತದೋ. ಪ್ಯಾಕೇಜು ಬೇಡ, ಒಂದೊಂದಕ್ಕೇ ಕೊಡಿ, ಸಾಕಾದರೆ ನಿಲ್ಲಿಸಿ, ಕಾರ್ಡು ಇದಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ಚೌಕಾಸಿಗೆ ಜಾಗವೇ ಇರಲಿಲ್ಲ.

ಆಮೇಲೆ ಅಕ್ಕನ ಹಿಮ್ಮಡಿ ನೋಡಿ, "ಯಾವ ಮಾತ್ರೆ ತಗೋತೀರಮ್ಮ?" ಎಂದು ಕೇಳಿದರು.

ಅಕ್ಕ ಸೆರಗಿನ ಗಂಟಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದು ಕೊಟ್ಟಳು. ಹೃದಯದ ಬಡಿತ ತಪ್ಪುತ್ತದೆಂದು ವರ್ಷದಿಂದ ತಿನ್ನುತ್ತಿದ್ದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಹಿಮ್ಮಡಿ ನೀಲಿಯಾದದ್ದು ಅದರಿಂದಲೇ. ಇಂಥ ಮಾತ್ರೆ ತಿನ್ನುವವರಿಗೆ ಯಂತ್ರ ಇಡುವಂತಿಲ್ಲ, ಮಾತ್ರೆಯನ್ನು ನಾವಾಗಿ ನಿಲ್ಲಿಸಲೂಬಾರದು ಎಂದರು ಡಾಕ್ಟರು. ಬಳ್ಳಾರಿಯಲ್ಲಿ ನನ್ನನ್ನೂ ಇದೇ ಕೇಳಿದ್ದರು, ಇಲ್ಲ ಎಂದು ಒಂದು ಮಾತಿನಲ್ಲಿ ಮುಗಿಸಿದ್ದೆ. ಗೋಡೆ, ಡಿಗ್ರಿ, ಬಿಲ್ಲು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ: ದುಡ್ಡು ಮುಟ್ಟುವ ಮುಂಚೆ ಅವರು ನಿಮ್ಮನ್ನು ಏನು ಕೇಳುತ್ತಾರೆ.

"ಮತ್ತ ಹಿಮ್ಮಡಿಗೆ ಏನು ಮಾಡೋದ್ರಿ?" ಎಂದೆ.

ಚಪ್ಪಲಿಯೊಳಗೆ ಇಡುವ ಮೆತ್ತನೆಯ ಪ್ಯಾಡು, ಹಾಸಿಗೆಯಿಂದ ಇಳಿಯುವ ಮುಂಚೆ ಪಾದ ಎಳೆಯುವ ವ್ಯಾಯಾಮ, ಮತ್ತು ಕೆಲವು ವಾರ ಹೆಚ್ಚು ನಿಲ್ಲಬಾರದು. ಇಷ್ಟೇ. ಬರೀ ಫೀಜು ತೆಗೆದುಕೊಂಡರು. ಕೊಡುವಾಗ ನನಗೆ ಮೋಸವಾದಂತೆ ಅನ್ನಿಸಿತು, ಯಾರಿಂದ ಎಂದು ಗೊತ್ತಾಗಲಿಲ್ಲ.

"ನಿಲ್ಬೇಡ ಅಂದ್ರೆ ಆಯ್ತಾ? ನಾಡಿದ್ದು ನಾಲ್ಕನೇ ಜ್ವರ ಏಳ್ತವೆ," ಅಂದಳು ಅಕ್ಕ ಆಟೋದಲ್ಲಿ.

ಮನೆ ಮುಟ್ಟುವ ಹೊತ್ತಿಗೆ ಭಾವನಿಗೆ ಹಿಮ್ಮಡಿ ಊರಲು ಆಗುತ್ತಿರಲಿಲ್ಲ. ಕುಂಟುತ್ತಾ ಕುರಿಯ ಹಿಂದೆ ಗುಡ್ಡ ಹತ್ತುವಂತಿಲ್ಲ. ಕುರಿಗಳನ್ನು ತಮ್ಮನ ಜೊತೆ ಕಳಿಸಿ ಮನೆಯಲ್ಲೇ ಉಳಿದರು. ಮನೆಯಲ್ಲಿ ಉಳಿದ ಗಂಡಸಿಗೆ ಕೆಲಸ ತೋರಿಸುವುದು ಅಕ್ಕನಿಗೆ ಕಷ್ಟವಾಗಲಿಲ್ಲ.

ಕುರಿ ವಾಸನೆ ತಾಕಿದರೆ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆಂದು ಅವಳು ಅವರನ್ನು ಹುಳುಮನೆಯ ಹೊಸ್ತಿಲು ದಾಟಿಸಿದ್ದೇ ಇಲ್ಲ. ಈಗ ಸ್ನಾನ ಮಾಡಿಸಿ, ಕಾಲಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿಸಿ ಒಳಗೆ ಬಿಟ್ಟಳು. ತಾನು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು.

"ಸೊಪ್ಪು ಸುರೀಬೇಡ್ರಿ. ಹರಡ್ರಿ."

"ಹರಡ್ತಾ ಇವ್ನಿ."

"ಅದು ಕುರಿಗೆ ಮೇವು ಎಸ್ದಂಗೆ ಐತೆ."

"ತಿಂತಾ ಐತಲ್ಲೇ."

"ಅದಕ್ಕೇನು ಗೊತ್ತು, ಪಾಪ."

ಒಬ್ಬ ಕೂಲಿಯವಳನ್ನು ಗೊತ್ತು ಮಾಡಿ ನಾನು ರಾಯದುರ್ಗಕ್ಕೆ ಬಂದೆ. ಅವಳು ಕೇಳಿದ ಕೂಲಿಯಲ್ಲಿ ಸ್ವಲ್ಪ ಇಳಿಸಿದೆ. ಬೆಳೆ ಕೈಗೆ ಬಂತು. ಹಿಂದೂಪುರದ ಮಾರ್ಕೆಟ್ಟಿಗೆ ಗೂಡು ತೆಗೆದುಕೊಂಡು ಹೋದ ಭಾವ, ಹರಾಜಿನಲ್ಲಿ ಬೆಲೆಯನ್ನು ಕೂಗಿ ಹೇಳುವುದು ನೋಡಿ ಇದೆಂಥ ವ್ಯಾಪಾರ ಎಂದು ಬೇಜಾರು ಮಾಡಿಕೊಂಡರಂತೆ. ಕಡ್ಲೆಕಾಯಿ ಬೀಜ ಮಾತ್ರ ತರಲಿಲ್ಲ.

ಅಕ್ಕನ ನೋವು ಒಂದೇ ಸಲ ಹೋಗಲಿಲ್ಲ. ಎರಡು ತಿಂಗಳು ದಿನಾ ಪಾದ ಎಳೆದು, ಪ್ಯಾಡು ಸವೆಸಿ, ಮತ್ತೊಂದು ತರಿಸಿಕೊಂಡಳು. ಆಮೇಲೆ ಮೂಳೆ ಡಾಕ್ಟರಿಗೆ ತೋರಿಸಲು ಹೋದಾಗ, ಸಾಲದಿದ್ದರೆ ಹೃದಯದ ಡಾಕ್ಟರನ್ನು ಕೇಳಿ ಮುಂದಿನ ದಾರಿ ನೋಡೋಣ ಎಂದರಂತೆ. ಹೊಸ ಮರಿಹುಳು ಮನೆಗೆ ಬಂದಿವೆ, ಬೆಳಿಗ್ಗೆ ಗೋಡೆ ಹಿಡಿಯದೆ ನಡೆಯುತ್ತಿದ್ದೇನೆ, ಸದ್ಯಕ್ಕೆ ಇಷ್ಟು ಸಾಕು ಎಂದು ಹೇಳಿ ಅಕ್ಕ ಮಧ್ಯಾಹ್ನದ ಬಸ್ಸಿಗೆ ಎದ್ದು ಬಂದಳು.