ಅರವತ್ತಾರು ಅಂಕದ ಕೆನ್ನೆ

ನನ್ನ ಹತ್ತಿರ ಚಿನ್ನ ಇದೆ, ಆದರೆ ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಕೆನಡಾದಲ್ಲಿ ನಾವಿರುವ ಎರಿನ್ ಮಿಲ್ಸ್ ಸುತ್ತಮುತ್ತಲ ಕನ್ನಡದ ಹೆಂಗಸರಿಗೆ ಇದನ್ನು ವಿವರಿಸಿ ವಿವರಿಸಿ ಬಾಯಿ ಒಣಗಿದೆ. ಹಬ್ಬದ ಕೂಟಗಳಿಗೆ ಅವರು ಒಡವೆ ಅಂಗಡಿಯ ಗಾಜಿನ ಕಪಾಟಿನಂತೆ ಬರುತ್ತಾರೆ, ನಾನು ಬೋಳು ಕತ್ತಿನಲ್ಲಿ ಹೋಗುತ್ತೇನೆ. ಒಮ್ಮೆ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಯಜಮಾನರ ಕೆಲಸಕ್ಕೇನಾದರೂ ತೊಂದರೆಯಾಗಿದೆಯೇ ಎಂದು ಮೆಲ್ಲಗೆ ವಿಚಾರಿಸಿ, ಮಿಕ್ಕ ಬಿಸಿಬೇಳೆಬಾತನ್ನು ಡಬ್ಬಿಗೆ ತುಂಬಿ ಕೊಟ್ಟರು. ಬಾತು ಚೆನ್ನಾಗಿತ್ತು, ಹಾಗಾಗಿ ನಾನು ನಿಜ ಹೇಳಲು ಹೋಗಲಿಲ್ಲ.

ನಾನು ಕೂಡಿಸುವುದು ಅಮೆರಿಕದ ಹಳೆಯ ಚಿನ್ನದ ನಾಣ್ಯಗಳನ್ನು. ಅದರಲ್ಲೂ ಯಾರ ಜೇಬಿಗೂ ಬೀಳದೆ, ಟಂಕಸಾಲೆಯಿಂದ ಹೊರಬಂದ ಹಾಗೇ ಉಳಿದವುಗಳನ್ನು. ಅಂಥವನ್ನು ಪರೀಕ್ಷಕರು ಭೂತಗನ್ನಡಿಯಲ್ಲಿ ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಭದ್ರವಾಗಿ ಮುಚ್ಚಿಬಿಡುತ್ತಾರೆ. ಇಪ್ಪತ್ತು ಡಾಲರಿನ ನಾಣ್ಯದ ಮೇಲೆ ಕಿರೀಟ ಇಟ್ಟ ಒಬ್ಬ ಹೆಂಗಸಿನ ಮುಖವಿದೆ. ತಂಟೆಯೆಲ್ಲ ಅವಳ ಕೆನ್ನೆಯದು. ಅಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಅಂಕ ಇಳಿಯಿತು. ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಇಲ್ಲಿ ಉಪ್ಪಿಟ್ಟು ಕೇಸರಿಬಾತು ಕೊಡುವುದಿಲ್ಲ ಅಷ್ಟೆ. ಮೈಸೂರಿನ ಜಮಖಾನದ ಮೇಲೆ ಕೂತು ಬೇಕಾದಷ್ಟು ಅಂಕ ಕಳೆದುಕೊಂಡಿದ್ದ ನಾನು ಈಗ ಟೇಬಲ್ ಲ್ಯಾಂಪಿನಡಿ ಕೂತು ಇನ್ನೊಬ್ಬಳ ಕೆನ್ನೆಯಲ್ಲಿ ಕುಂದು ಹುಡುಕುತ್ತೇನೆ. ಬೆರಳು ತಾಗಿಸುವಂತಿಲ್ಲ, ಒರೆಸುವಂತಿಲ್ಲ, ತೊಳೆಯುವುದಂತೂ ಮಹಾಪಾಪ. ನಮ್ಮಜ್ಜಿಯ ಮಡಿಯಾದರೂ ಊಟವಾದ ಮೇಲೆ ಸಡಿಲವಾಗುತ್ತಿತ್ತು.

ನನ್ನ ಸಂಗ್ರಹದ ಪಟ್ಟದರಾಣಿ ಅರವತ್ತಾರು ಅಂಕದವಳು. ಅವಳಿಗಾಗಿ ವರ್ಷಗಟ್ಟಲೆ ಕಾದಿದ್ದೆ, ತುಕ್ಕು ಹಿಡಿದ ಕಾರನ್ನೇ ಓಡಿಸಿಕೊಂಡಿದ್ದೆ. ಒಶಾವಾ ಊರಿನಲ್ಲಿ ನಮ್ಮ ನಾಣ್ಯ ಸಂಘದ ಪ್ರದರ್ಶನ ಒಂದು ಭಾನುವಾರ ಇತ್ತು. ಅವಳನ್ನು ಇಡಲು ನನಗೊಂದು ಮೇಜು ಕೊನೆಗೂ ಸಿಕ್ಕಿತ್ತು. ಆ ಸಂಘದಲ್ಲಿ ನಾನೊಬ್ಬಳೇ ಹೆಂಗಸು. ಉಳಿದವರೆಲ್ಲ ಬಿಳಿಗಡ್ಡದ ತಾತಂದಿರು, ನಾನು ಯಾರದೋ ಜೊತೆಗೆ ಬಂದವಳು ಎಂದೇ ಇನ್ನೂ ತಿಳಿದವರು. ಅವರೆಲ್ಲ ಸಾಲಾಗಿ ನಿಂತು ನನ್ನ ನಾಣ್ಯಕ್ಕೆ ತಲೆಬಾಗುವುದನ್ನು ನೋಡಬೇಕೆಂಬ ಆಸೆ ನನಗೆ ವಿಪರೀತ ಇತ್ತು. ಗುರುವಾರವೇ ಬ್ಯಾಂಕಿನ ಲಾಕರಿನಿಂದ ಮನೆಗೆ ತಂದುಬಿಟ್ಟೆ.

ಮನೆಯಲ್ಲಿ ಅಮ್ಮ ಇದ್ದಳು. ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದ ಅವಳ ಕತ್ತಿನಲ್ಲಿ ಮದುವೆಯ ಕಾಲದ ಕಾಸಿನ ಸರ. ಬ್ರಿಟಿಷ್ ರಾಜನ ತಲೆಯಿರುವ ಹಳೆಯ ಚಿನ್ನದ ಸವರನ್ನುಗಳಿಗೆ ಕೊಂಡಿ ಬೆಸೆದು ಪೋಣಿಸಿದ್ದು. ನನ್ನ ರಾಣಿಯನ್ನು ತೋರಿಸಿದೆ. ಲಕ್ಷಣವಾಗಿದ್ದಾಳೆ, ಆದರೆ ಯಾಕೆ ಜೈಲಿಗೆ ಹಾಕಿದ್ದೀಯ ಎಂದು ಕೇಳಿದಳು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ, ನಿನಗೆ ಎರಡೂ ಇದ್ದು ತಿನ್ನುವ ಯೋಗವಿಲ್ಲ ಎಂದಳು. ಆಮೇಲೆ ತನ್ನ ಸರವನ್ನು ನನ್ನ ಭೂತಗನ್ನಡಿಯ ಕೆಳಗೆ ಹಿಡಿದಳು. ನಾನು ಪರೀಕ್ಷಕಿಯ ಗತ್ತಿನಲ್ಲೇ ನೋಡಿದೆ. ನಡುವಿನ ಕಾಸಿನ ರಾಜನಿಗೆ ಮೂಗೇ ಇಲ್ಲ, ಅಂಚೆಲ್ಲ ಬೆಸುಗೆಯಿಂದ ಹಾಳು, ಇಂಥದಕ್ಕೆ ಅಂಕವನ್ನೇ ಕೊಡುವುದಿಲ್ಲ ಎಂದೆ. ಅಮ್ಮ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡು ಅನ್ನಕ್ಕಿಡಲು ಹೋದಳು.

ಶುಕ್ರವಾರ ಸಂಜೆ ಆಫೀಸಿನಿಂದ ಬಂದರೆ ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು, ಯಾವ ಪಾಪವನ್ನೂ ಅರಿಯದ ಮುಖ ಮಾಡಿಕೊಂಡು. ಅವರ ಅತ್ತೆ, ಅಂದರೆ ನಮ್ಮಮ್ಮ, ತಮ್ಮ ಸರ ರಿಪೇರಿಗಿದೆ ಎಂದಿದ್ದರಂತೆ. ಇವರು ಅತ್ತೆಯನ್ನು ಪ್ಲಾಜಾದ ಗುಜರಾತಿ ಅಕ್ಕಸಾಲಿಗನ ಹತ್ತಿರ ಬಿಟ್ಟು, ಕಾರಿನಲ್ಲಿ ಕೂತು ಕ್ರಿಕೆಟ್ ನೋಡಿದರಂತೆ. ಅಡುಗೆಮನೆಯ ಕಟ್ಟೆಯ ಮೇಲೆ ಕುಟ್ಟಾಣಿ ಇತ್ತು, ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಚೂರು.

ಅಮ್ಮ ಕತ್ತು ಬಗ್ಗಿಸು ಎಂದಳು, ಬಗ್ಗಿಸಿದೆ. ಅವಳದೇ ಇನ್ನೊಂದು ಒಂದೆಳೆ ಸರದ ತುದಿಯಲ್ಲಿ ನನ್ನ ರಾಣಿ ತೂಗುತ್ತಿದ್ದಳು. ನೆತ್ತಿಯ ಮೇಲೆ ಕೊಂಡಿ ಬೆಸೆದಿತ್ತು, ಮೈಯೆಲ್ಲ ಅಂಟುವಾಳದ ಪುಡಿ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಫಳಫಳ ಹೊಳೆಸಿದ್ದಳು ಅಮ್ಮ. ಅಕ್ಕಸಾಲಿಗ ಬೇಡ ಬೇಡ ಎಂದು ಕೈಮುಗಿದನಂತೆ. ಕೂಲಿ ಜಾಸ್ತಿ ಕೀಳಲು ನಾಟಕ ಎಂದು ಅಮ್ಮ ಗದರಿದಳಂತೆ. ಹೆತ್ತ ತಾಯಿಯನ್ನು ಆ ರಾತ್ರಿಯ ವಿಮಾನಕ್ಕೇ ಹತ್ತಿಸಿಬಿಡೋಣ ಅನ್ನಿಸಿತು.

“ಎಂಥಾ ಕೆಲಸ ಮಾಡ್ದೆ ಅಮ್ಮ. ಹಾಳಾಗೋಯ್ತು ಇದು.”

“ನನ್ನ ಸರಾನೂ ಹಾಳಾಗಿದೆ ಅಂದ್ಯಲ್ಲ ನಿನ್ನೆ,” ಎಂದಳು ಅಮ್ಮ, ಒಲೆಯ ಕಡೆ ತಿರುಗಿಕೊಂಡೇ. “ಹಲ್ಲು ಬರೋವಾಗ ನನ್ ತೊಡೆ ಮೇಲೆ ಕೂತ್ಕೊಂಡು ದಿನಾ ಆ ಕಾಸನ್ನೇ ಕಚ್ತಿದ್ದೆ. ಬಿಡಿಸಿದ್ರೆ ಮನೆ ಹಾರೋಗೋ ಹಾಗೆ ಕಿರುಚ್ತಿದ್ದೆ. ಆ ರಾಜನ ಮೂಗು ತಿಂದ್ಹಾಕಿದ್ದು ನೀನೇ ಕಣೇ.”

ಆಗ ಅವಳ ಕತ್ತನ್ನು ನೋಡಿದೆ. ಸರದ ನಡುವೆ ಆ ಮೂಗಿಲ್ಲದ ರಾಜನ ಕಾಸಿನ ಜಾಗ ಖಾಲಿ. ರಾಣಿಯ ನೆತ್ತಿಗೆ ಹಾಕಿಸಿದ್ದು ಆ ಕಾಸಿನ ಕೊಂಡಿಯನ್ನೇ. ಹೊಸ ಕೊಂಡಿ ಎಷ್ಟು ಗಟ್ಟಿಯೋ ಏನೋ, ಇದಾದರೆ ನೀನು ಜಗ್ಗಿದರೂ ಕಿತ್ತು ಬಂದಿರಲಿಲ್ಲ ಎಂದಳು. ಕೊಂಡಿ ಕಳೆದುಕೊಂಡ ಕಾಸನ್ನು ನನ್ನ ಒಡೆದ ಡಬ್ಬಿಯೊಳಗೇ ಇಟ್ಟು, ಅಲ್ಲಾಡದಂತೆ ಸುತ್ತ ಹೂಬತ್ತಿಯ ಹತ್ತಿ ತುರುಕಿ, ಟೇಪು ಸುತ್ತಿದ್ದಳು. ನಿನಗೆ ಡಬ್ಬಿಯಲ್ಲಿಡುವುದಕ್ಕೂ ಒಂದು ಬೇಕಲ್ಲ, ಇದನ್ನು ಇಟ್ಟುಕೋ ಎಂದಳು. ಮೇಲಿನ ಚೀಟಿಯಲ್ಲಿ ಅರವತ್ತಾರು ಎಂದು ಹಾಗೇ ಇತ್ತು.

ಭಾನುವಾರ ಒಶಾವಾಕ್ಕೆ ಹೋದೆ. ಹೋಗದಿದ್ದರೆ ತಾತಂದಿರಿಗೆ ಹೆದರಿದೆ ಎಂದಾಗುತ್ತಿತ್ತು. ಕತ್ತಿನಲ್ಲಿ ರಾಣಿ, ಮೇಜಿನ ಮೇಲೆ ಹತ್ತಿಯ ಹಾಸಿಗೆಯಲ್ಲಿ ಮಲಗಿದ ರಾಜ. ಸಂಘದ ಅತಿ ಹಿರಿಯ ತಾತ ಮೊದಲು ನನ್ನ ಕತ್ತು ನೋಡಿ ಎದೆ ಹಿಡಿದುಕೊಂಡರು. ಆಮೇಲೆ ಬಗ್ಗಿ, ಡಬ್ಬಿಯ ಮೇಲೆ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಈ ಪಾಪದ ಮನುಷ್ಯನ ಮುಖವನ್ನು ಹೀಗೆ ಮಾಡಿದವರು ಯಾರು ಎಂದು ಕೇಳಿದರು.

ನಾನೇ, ಆಗ ನನಗೆ ಹಲ್ಲು ಬರುತ್ತಿತ್ತು ಎಂದೆ.