ಚೌಡಮ್ಮ ಇರಬಹುದು, ಪುಷ್ಪಂ ಹೋಗಬೇಕು

ತಮಿಳುನಾಡಿನ ಪಲ್ಲಡಂನ ಸರ್ಕಾರಿ ಕಚೇರಿಯಲ್ಲಿ ಒಂದು ಸಹಿಗಾಗಿ ಬೆಳಗಿನಿಂದ ಕೂತು ತಲೆ ಚಿಟ್ಟು ಹಿಡಿದಿದೆ. ನನಗಿಂತ ಮುಂದಿನ ಸರದಿ ಕನ್ನಡ ಮಾತಾಡುವ ಒಂದು ನೇಕಾರರ ಮನೆಯವರದು. ಅತ್ತೆ, ಸೊಸೆ, ಸೊಸೆಯ ಮಡಿಲಲ್ಲಿ ಕೂಸು. ಸೊಸೆ ಸಿಲೋನಿನಲ್ಲಿ ಹುಟ್ಟಿದವಳು. ಅವಳ ವೀಸಾ ಮುಗಿದಿದೆ, ದೇಶ ಬಿಡಬೇಕಂತೆ. ಗಂಡ, ಮಗು ಇಬ್ಬರೂ ಇಲ್ಲಿಯ ಪ್ರಜೆಗಳು.

ಪಾಸ್‌ಪೋರ್ಟಿನಲ್ಲಿ ಅವಳು ಪುಷ್ಪಂ. ಮದುವೆಯ ದಿನ ಮನೆಯ ವಾಡಿಕೆಯಂತೆ ದೇವರ ಹೆಸರಿಟ್ಟು ಚೌಡಮ್ಮ ಮಾಡಿದ್ದಾರೆ. ಮಗುವಿನ ಜನನಪತ್ರದಲ್ಲಿ ತಾಯಿ ಚೌಡಮ್ಮ. ಹೆಸರು ಬದಲಾದದ್ದನ್ನು ಸರ್ಕಾರಕ್ಕೂ ತಿಳಿಸಬೇಕೆಂದು ಯಾರಿಗೂ ಹೊಳೆದಿಲ್ಲ.

ಗುಮಾಸ್ತ ಎರಡೂ ಕಾಗದ ನೋಡಿ ತಮಿಳಿನಲ್ಲಿ ತೀರ್ಪು ಕೊಟ್ಟ. "ಮಗುವಿನ ತಾಯಿ ಚೌಡಮ್ಮ ಇಲ್ಲೇ ಇರಲಿ. ಪುಷ್ಪಂ ಹದಿನೈದು ದಿನದೊಳಗೆ ಹಡಗು ಹತ್ತಬೇಕು."

"ಇಬ್ಬರೂ ಇವಳೇ ಅಲ್ಲವೇನ್ರೀ?" ನನ್ನ ಹರಕು ತಮಿಳಿನಲ್ಲಿ ರೇಗಿದೆ.

"ಅದಕ್ಕೆ ರುಜುವಾತು ಎಲ್ಲಿ?" ಎಂದ, ತಲೆ ಎತ್ತದೆ.

ಅಷ್ಟರಲ್ಲಿ ಕೂಸು ಹಸಿದು ಅಳತೊಡಗಿತು. ಅತ್ತೆ ಅದನ್ನು ಸೊಸೆಯ ಮಡಿಲಿನಿಂದ ಎತ್ತಿಕೊಂಡು ಹೋಗಿ ಗುಮಾಸ್ತನ ಕಡತದ ಮೇಲೆ ಮಲಗಿಸಿದರು.

"ಇದಕ್ಕೀಗ ಹಾಲು ಕೊಡೋದು ಆ ಇಬ್ಬರಲ್ಲಿ ಯಾರು ಅಂತಾನೂ ಬರ್ದು ಕೊಡಿ, ಸಾಮಿ."