ಪಟ್ಟಿಯಲ್ಲಿ ಇಲ್ಲದ ಬಂಗುಡೆ

ನಾನು ಏಳನೆಯ ಕ್ಲಾಸಿನ ಆಚೆ ಓದುವುದು ಆಗದ ಮಾತು ಎಂದವನು ನನ್ನ ದೊಡ್ಡ ಮಾವ, ಅಬ್ಬಿಯ, ಎಂದರೆ ನನ್ನ ತಾಯಿಯ, ಅಣ್ಣ. ಬೇರೆ ಯಾರಾದರೂ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ನಮ್ಮಲ್ಲಿ ಅಳಿಯಕಟ್ಟು, ಮನೆತನ ತಾಯಿಯ ಕಡೆಯಿಂದ. ಅಪ್ಪಯ್ಯ ತನ್ನ ಮನೆಯಿಂದ ಬಂದು ಹೋಗುವವನು, ಮನೆಯ ಮಾತು ಮಾವನದು. ಅವನು ಇಲ್ಲ ಎಂದರೆ ಅಬ್ಬಿ ಒಲೆಯ ಕಡೆ ತಿರುಗಿ ಕೂರುತ್ತಿದ್ದಳು, ಅಲ್ಲಿಗೆ ಮುಗಿಯಿತು. ಮುಂದೆ ನಮ್ಮ ಕೇರಿಯಲ್ಲಿ ಮೊದಲು ಬಿ.ಎ. ಪಾಸು ಮಾಡಿದವಳು ನಾನೇ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕಷ್ಟಪಟ್ಟಿದ್ದೇನೆ. ಆದರೆ ಆ ಓದು ಏಳನೆಯ ಕ್ಲಾಸಿನಲ್ಲೇ ನಿಂತುಹೋಗುವುದರಲ್ಲಿತ್ತು, ಅದೂ ನಾನೇ ಮಾಡಿಕೊಂಡ ತಪ್ಪಿನಿಂದ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಕೇರಿ ಕುಂಭಾಶಿಯಿಂದ ಪಡುವಣಕ್ಕೆ, ಕಡಲಿಗೆ ತಾಗಿಕೊಂಡೇ ಇತ್ತು. ಶಾಲೆ ಹತ್ತಿರ. ಹೈಸ್ಕೂಲಿಗೆ ಮಾತ್ರ ಕುಂದಾಪುರದ ಹಾದಿಯಲ್ಲಿ ನಾಲ್ಕು ಮೈಲಿ ನಡೆಯಬೇಕು. ಆ ವರ್ಷ ದೊಡ್ಡ ಕ್ಲಾಸಿನ ಮಕ್ಕಳ ಆರೋಗ್ಯ ನೋಡಬೇಕು ಎಂದು ಶಾಲೆಗೆ ಆದೇಶ ಬಂತು. ಡ್ರಿಲ್ ಮಾಸ್ಟ್ರಿಗೆ ಆ ಕೆಲಸ ಬಿತ್ತು. ಅವರು ಶಂಕರನಾರಾಯಣದ ಕಡೆಯವರು, ಘಟ್ಟದ ಬುಡದ ಊರಿನಿಂದ ಬಂದವರು, ಮೀನು ತಿನ್ನದ ಜಾತಿ. ಹುಮ್ಮಸ್ಸಿನ ಮನುಷ್ಯ. ತೂಕದ ಯಂತ್ರ ಇಲ್ಲ ಎಂದು ಸುಮ್ಮನೆ ಕೂರಲಿಲ್ಲ, ಕೊಬ್ಬರಿ ವ್ಯಾಪಾರಿಯ ದೊಡ್ಡ ತಕ್ಕಡಿಯನ್ನು ತಂದು ಜಗಲಿಯ ತೊಲೆಗೆ ಕಟ್ಟಿಸಿ ನಮ್ಮನ್ನು ಒಬ್ಬೊಬ್ಬರನ್ನಾಗಿ ತಟ್ಟೆಯಲ್ಲಿ ಕೂರಿಸಿದರು. ನಾನು ಕೂತಾಗ ತಟ್ಟೆ ಕೆಳಗೆ ಇಳಿಯಲೇ ಇಲ್ಲ.

"ಹ್ವಾಯ್, ಒಣ ಮೀನ್ ತೂಕಕ್ ಬಂತ್!" ಎಂದು ಒಬ್ಬ ಹುಡುಗ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ತಟ್ಟೆಯ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಎರಡನೆಯದು ಊಟದ ಪಟ್ಟಿ. ಒಂದು ತಿಂಗಳು, ದಿನಾ ಏನು ತಿಂದೆವು ಎಂದು ಪುಸ್ತಕದಲ್ಲಿ ಬರೆಯಬೇಕು. ಮೂರನೆಯದು, ವರ್ಷದ ಕೊನೆಗೆ ಓಟ, ಜಿಗಿತ, ಗುಂಡೆಸೆತದ ಪರೀಕ್ಷೆ. ಈ ಮೂರು ಆಟಗಳಲ್ಲೂ ಪಾಸಾದವರಿಗೆ ಅಚ್ಚಾದ ಸರ್ಟಿಫಿಕೇಟು.

ನನ್ನ ಕಾಲು ಒಂದು ಕಡೆ ನಿಲ್ಲುವಂಥದಲ್ಲ. ಪಾಠದ ಹೊತ್ತಿಗೂ ಬೆಂಚಿನಡಿ ಕುಣಿಯುತ್ತಿತ್ತು. ಓಟದ ಪರೀಕ್ಷೆ ಎಂದ ಕೂಡಲೇ ನಾನು ಮನಸ್ಸಿನಲ್ಲೇ ಗೆದ್ದಾಗಿತ್ತು. ತೊಂದರೆಯಾದದ್ದು ಪಟ್ಟಿಯಲ್ಲಿ.

ನಮ್ಮ ಕೇರಿಯ ಮಕ್ಕಳಿಗೆ ಒಂದು ಅಭ್ಯಾಸ. ಬೆಳಿಗ್ಗೆ ಗಂಜಿಯ ಜೊತೆ ಮೀನು ತಿಂದರೆ ಹುಣಸೆಹುಳಿ ಹಚ್ಚಿ ಕೈ ತಿಕ್ಕಿ, ಮೂಸಿ ನೋಡಿಯೇ ಶಾಲೆಗೆ ಹೊರಡುವುದು. "ಕೈ ಮೂಸ್ ಕಾಂಬ" ಎಂದು ಅಬ್ಬಿ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಶಾಲೆಯೊಳಗೆ ಮೀನಿನ ಸುದ್ದಿ ಎತ್ತುವ ಹಾಗಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಆದರೂ ಇಲ್ಲ. ಇನ್ನು ಪುಸ್ತಕ ಎಂದರೆ ಸರಸ್ವತಿ, ಪ್ರತಿ ಹಾಳೆಯ ಮೇಲೂ 'ಶ್ರೀ' ಬರೆದೇ ಶುರು ಮಾಡಬೇಕು. ಆ ಶ್ರೀಯ ಕೆಳಗೆ ಬಂಗುಡೆ ಎಂದು ಬರೆಯುವುದು ಹೇಗೆ? ನನ್ನ ಕೈ ಏಳಲಿಲ್ಲ. 'ಗಂಜಿ, ಉಪ್ಪಿನಕಾಯಿ' ಎಂದು ಬರೆದೆ. ಮರುದಿನವೂ ಗಂಜಿ, ಉಪ್ಪಿನಕಾಯಿ. ಹಬ್ಬದ ದಿನ ಪಾಯಸ. ತಿಂಗಳು ಪೂರಾ ಹಾಗೆಯೇ ತುಂಬಿಸಿದೆ.

ತಿಂಗಳು ಮುಗಿದ ಮೇಲೆ ಸರಕಾರದ ಡಾಕ್ಟರು ಶಾಲೆಗೆ ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು, ತೂಕ ನೋಡಿದರು, ಕೊನೆಗೆ ಪಟ್ಟಿ ನೋಡಿದರು. ನೋಡುತ್ತ ಅವರ ಹುಬ್ಬು ಗಂಟಾಯಿತು. ಸಂಜೆ ನನ್ನ ಕೈಗೆ, ಮನೆಗೆ ಕೊಡು ಎಂದು ಒಂದು ಚೀಟಿ ಬಂತು.

ಮನೆಯಲ್ಲಿ ಓದು ಬರುವವಳು ನಾನೊಬ್ಬಳೇ. ಹಾಗಾಗಿ ನನ್ನ ಮೇಲಿನ ಚೀಟಿಯನ್ನು ನಾನೇ ಓದಿ ಹೇಳಬೇಕಾಯಿತು. ಬೇರೇನೋ ಓದಿಬಿಡಬಹುದಿತ್ತು. ಹೊಳೆಯಲಿಲ್ಲವೋ, ಧೈರ್ಯ ಇರಲಿಲ್ಲವೋ, ಇದ್ದದ್ದನ್ನೇ ಓದಿದೆ: ಬಾಲಕಿ ದುರ್ಬಲಳಾಗಿದ್ದಾಳೆ. ಮನೆಯಲ್ಲಿ ಸತ್ವವುಳ್ಳ ಆಹಾರ ಸಿಗುತ್ತಿರುವಂತೆ ಕಾಣುವುದಿಲ್ಲ. ಓಟ, ಜಿಗಿತ ಬೇಡ.

ಮಾವ ಬಲೆ ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. "ಇನ್ನೊಂದ್ ಸರ್ತಿ ಓದ್."

ಓದಿದೆ.

"ಸಿಕ್ಕುದಿಲ್ಲ ಅಂದ್ರೆ ಎಂತ? ನಮ್ಮನಿಯಂಗೆ ತಿಂಬುಕಿಲ್ಲ ಅಂದೇಳಿಯಾ? ನಿನ್ನೆ ನಾಲ್ಕ್ ಬಂಗುಡಿ ಯಾರ್ ತಿಂದದ್, ಬೆಕ್ಕಾ?"

ಅಬ್ಬಿ ಒಳಗಿನಿಂದ, "ಅದ್ ಎಂತೋ ತಪ್ಪಿ ಬರ್ದದ್ ಆಯ್ಕ್ ಅಣ್ಣ" ಎಂದಳು.

"ಡಾಕ್ಟ್ರಿಗೆ ಕನ್ಸ್ ಬಿತ್ತಾ? ಯಾರೋ ಹೇಳಿದ್ರ್." ನಾನು ನೆಲ ನೋಡಿದೆ. ಮಾವ ಮತ್ತೆ ಬಲೆಗೆ ಕೈ ಹಾಕಿದ. "ಆಯ್ತ್. ದುರ್ಬಲ ಅಂದೇಳಿ ಅವ್ರೇ ಬರ್ದ್ ಕೊಟ್ರಲೆ. ದುರ್ಬಲದ್ ಹೆಣ್ಣ್ ನಾಲ್ಕ್ ಮೈಲಿ ಹೋಪುದ್, ನಾಲ್ಕ್ ಮೈಲಿ ಬಪ್ಪುದ್, ಆಪ ಮಾತಾ? ಏಳ್ ಮುಗ್ಸಿ ಮನಿಯಂಗ್ ಇರ್ಲಿ."

ಅಲ್ಲಿಯವರೆಗೆ ಅವನು ಹೈಸ್ಕೂಲಿನ ಸುದ್ದಿ ಬಂದಾಗಲೆಲ್ಲ "ಕಾಂಬ", ನೋಡೋಣ, ಎನ್ನುತ್ತಿದ್ದ. ಆ ಒಂದು ಕಾಂಬವನ್ನು ನಂಬಿಕೊಂಡು ನಾನೂ ಅಬ್ಬಿಯೂ ಒಂದು ವರ್ಷ ಕಳೆದಿದ್ದೆವು.

ಮೂರು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾವಿಗೆ ಹೋದೆ, ಕೊಡ ಬಿಟ್ಟು ಬಂದೆ. ಮಾವನಿಗೆ ಸತ್ಯ ಹೇಳಿದರೆ, ನಮ್ಮ ಊಟವನ್ನೇ ನಾಚಿಕೆಯಿಂದ ಮುಚ್ಚಿಟ್ಟವಳು ಎಂದು ಇನ್ನೂ ನೋಯುತ್ತಾನೆ. ಮಾಸ್ಟ್ರಿಗೆ ಹೇಳಿದರೆ ಸುಳ್ಳು ಬರೆದವಳು ಎಂದಾಗುತ್ತದೆ. ಸುಮ್ಮನಿದ್ದರೆ ಓದು ಹೋಯಿತು. ಈ ಮೂರರ ನಡುವೆ ಓಡಾಡಿ ಓಡಾಡಿ, ನಾಲ್ಕನೆಯ ದಿನ ಅದೇ ಪುಸ್ತಕವನ್ನು ತಿರುಗಿಸಿ, ಕೊನೆಯ ಹಾಳೆಯಿಂದ ಹಿಂದಕ್ಕೆ, ನೆನಪಿದ್ದಷ್ಟೂ ದಿನಗಳ ಊಟವನ್ನು ಇದ್ದಂತೆ ಬರೆದೆ. ಮೇಲೆ ಶ್ರೀ ಹಾಕಲಿಲ್ಲ. ಡ್ರಿಲ್ ಮಾಸ್ಟ್ರ ಮೇಜಿನ ಮೇಲೆ ಇಟ್ಟು, ಮಾವ ಹೈಸ್ಕೂಲು ಬೇಡ ಎಂದದ್ದನ್ನೂ ಹೇಳಿ ನಿಂತೆ.

"ಇದೆಂತ, ಹಿಂದಿಂದ ಬರ್ದಿದ್ದೆ?"

"ಮುಂದೆ ಶ್ರೀ ಇತ್ತಲೆ ಸಾರ್."

ಅವರು ಓದಿದರು. ನನ್ನ ಕಾಲು ನೆಲ ಕೆರೆಯುತ್ತಿತ್ತು. ಓದಿ ಮುಗಿಸಿ ನಮ್ಮ ಕೇರಿಯ ಬೇರೆ ಮಕ್ಕಳ ಪುಸ್ತಕಗಳನ್ನು ರಾಶಿಯಿಂದ ಎಳೆದರು. ಗಂಜಿ, ಉಪ್ಪಿನಕಾಯಿ. ಗಂಜಿ, ಉಪ್ಪಿನಕಾಯಿ. ಒಬ್ಬ ಮಾತ್ರ ಹೆಚ್ಚಿನ ಧೈರ್ಯ ಮಾಡಿ ದಿನಾ ಹಾಲು, ತುಪ್ಪ ಎಂದು ಬರೆದಿದ್ದ. ಅವನ ಮನೆಯಲ್ಲಿ ದನವೇ ಇರಲಿಲ್ಲ.

"ದೇವ್ರೇ! ಒಂದ್ ಕೇರಿ ಮಕ್ಳನ್ನೆಲ್ಲ ನಾ ತಿಂಗ್ಳಿಡೀ ಉಪವಾಸ ಕೂರ್ಸಿದ್ನಲೆ" ಎಂದರು. ನಗುತ್ತಾರೋ ಬೈಯುತ್ತಾರೋ ತಿಳಿಯಲಿಲ್ಲ. "ಡಾಕ್ಟ್ರ್ ಬರ್ದದ್ದನ್ನ ನಾ ಅಳ್ಸುಕ್ ಆತಿಲ್ಲ. ಮನಿಯೋರ್ ಒಪ್ಪಿರೆ ಓಡ್ಸುಕ್ ಅಕ್ಕ್. ನಿನ್ ಮಾವನ್ನ ಕಾಣ್ಕ್."

"ಬ್ಯಾಡ ಸಾರ್. ಬೈತ್ರ್."

"ಬೈಲಿ. ಬೈಸ್ಕಂಬ ಕೆಲ್ಸ ಮಾಡಿದ್ದೆ ನಾ."

ಆದಿತ್ಯವಾರ ಬೆಳಿಗ್ಗೆ ಬಂದೇಬಿಟ್ಟರು. ಅವತ್ತು ರಂಪಣಿ ಎಳೆಯುವ ದಿನ. ಕಡಲಿಗೆ ಬಿಲ್ಲಿನ ಹಾಗೆ ಬಗ್ಗಿಸಿ ಬಿಟ್ಟ ದೊಡ್ಡ ಬಲೆಯನ್ನು ಎರಡೂ ಕೊನೆಯ ಹಗ್ಗ ಹಿಡಿದು ದಡದಿಂದ ಎಳೆಯುವುದು, ಒಂದೊಂದು ಹಗ್ಗಕ್ಕೆ ನಲವತ್ತು ಐವತ್ತು ಜನ, ಹಗ್ಗದ ಬಾಲಕ್ಕೆ ನಾವು ಮಕ್ಕಳು. ನಮ್ಮ ಕಡೆಯ ಹಗ್ಗಕ್ಕೆ ಮಾವನೇ ಮುಂದಾಳು. ಮಾಸ್ಟ್ರು ಬಿಳಿ ಅಂಗಿಯಲ್ಲಿ, ಚೀಲ ಹೆಗಲಿಗೆ ಹಾಕಿಕೊಂಡು ಮರಳ ದಿಬ್ಬದ ಮೇಲೆ ನಿಂತಿದ್ದರು. ಚೀಟಿಯ ಮೂಲ ಇದೇ ಮನುಷ್ಯ ಎಂದು ಮಾವನಿಗೆ ಗೊತ್ತಿತ್ತು.

"ಹ್ವಾಯ್ ಡ್ರಿಲ್ ಮಾಸ್ಟ್ರೆ! ಕಾಂಬುಕ್ ಬಂದದ್ದಾ, ಎಳುಕ್ ಬಂದದ್ದಾ?"

ಮಾಸ್ಟ್ರು ಚೀಲ ಇಟ್ಟು, ಪಂಚೆ ಮೇಲೆ ಕಟ್ಟಿ, ಬಂದು ನನ್ನ ಹಿಂದೆ ಹಗ್ಗ ಹಿಡಿದರು. ಶಾಲೆಯ ಅಂಗಳದಲ್ಲಿ ನೂರು ಬಸ್ಕಿ ಹೊಡೆಯುವವರು. ಮರಳಿನಲ್ಲಿ ಕಾಲು ನಿಲ್ಲಲಿಲ್ಲ. ಎರಡು ಸಲ ಜಾರಿ ಕೂತರು.

"ಹಿಮ್ಮಡಿ ಊರಿ ಸಾರ್" ಎಂದೆ ನಾನು, ಮೆಲ್ಲಗೆ.

ಹಗ್ಗದುದ್ದಕ್ಕೂ ನೋಡುತ್ತ ಬರುತ್ತಿದ್ದ ಮಾವನ ಕಿವಿಗೆ ಅದು ಬಿತ್ತು. "ಕೇಣಿ, ಕೇಣಿ, ದುರ್ಬಲದ್ ಹೆಣ್ಣ್ ಹೇಳಿ ಕೊಡತ್!" ಇಡೀ ಹಗ್ಗ ನಕ್ಕಿತು. ಮಾಸ್ಟ್ರ ಮುಖ ಕೆಂಪಾಗಿತ್ತು, ಆದರೆ ಹಗ್ಗ ಬಿಡಲಿಲ್ಲ.

ಬಲೆ ದಡಕ್ಕೆ ಬಂತು. ಬಂಗುಡೆ ಒಳ್ಳೆಯದೇ ಬಿದ್ದಿತ್ತು. ಹಗ್ಗ ಮುಟ್ಟಿದ ಯಾರನ್ನೂ ಬರಿಗೈಯಲ್ಲಿ ಕಳಿಸುವ ಕ್ರಮ ನಮ್ಮಲ್ಲಿಲ್ಲ. ದಾರಿಹೋಕನೇ ಆಗಲಿ, ಕೈ ಹಾಕಿದ ಮೇಲೆ ಪಾಲುಂಟು. ಮಾವ ಮರಳ ಮೇಲೆ ಪಾಲು ಹಾಕುತ್ತ ಬಂದ. ಮಾಸ್ಟ್ರ ಮುಂದೆಯೂ ಒಂದು ಪಾಲು ಹಾಕಿದ. ಮೀನು ಇನ್ನೂ ಬಾಲ ಬಡಿಯುತ್ತಿತ್ತು. ಪಾಲು ಎತ್ತುತ್ತಿದ್ದವರೆಲ್ಲ ಇತ್ತ ತಿರುಗಿದರು. ಮಾವ ಕ್ರಮಕ್ಕಾಗಿ ಹಾಕಿದನೋ, ಕೆಣಕಲು ಹಾಕಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಾಸ್ಟ್ರು ಕೇಳಿದರು, "ಬ್ಯಾಡ ಅಂದ್ರೆ ತಪ್ಪಾ?"

"ತಪ್ಪೇ. ಬಲಿಗ್ ಒಳ್ಳೆದಲ್ಲ."

"ಹಾಂಗಾರೆ ತಕಂಡೆ. ಈಗ ನಂದ್ ಆಯ್ತಲೆ? ನಂದನ್ನ ಈ ಹೆಣ್ಣಿಗ್ ಕೊಟ್ಟೆ. ತಿನ್ಲಿ." ಚೀಲದಿಂದ ನನ್ನ ಪುಸ್ತಕ ತೆಗೆದು, ಎಳೆದು ಹಾಕಿದ್ದ ದೋಣಿಯ ಅಂಚಿಗೆ ಕೂತು, ಮುಂದಿನ ಕಡೆಯಿಂದಲೇ ಹೊಸ ಹಾಳೆ ತೆರೆದರು. ಮೇಲೆ ಶ್ರೀ ಬರೆದರು. ಅದರ ಕೆಳಗೆ, ನಾನು ನೋಡುತ್ತಿದ್ದ ಹಾಗೆ, ಬಂಗುಡೆ ಎಂದು ಬರೆದರು. "ಈ ಹೆಣ್ಣ್ ಊಟದ್ ಪಟ್ಟಿಯಂಗೆ ಮೀನ್ ಬಿಟ್ಟದ್ ಸುಳ್ಳ್ ಹೇಳುಕಲ್ಲ, ಹೆದ್ರಿ. ನಮ್ಮನ್ನ ಕಂಡ್ ಹೆದ್ರಿದ್. ತಪ್ಪ್ ನಮ್ದ್. ನೀವ್ ಹೇಳಿ, ನಾ ಬರಿತೆ. ದಿನಕ್ಕೆ ಎಂತೆಂತ ತಿಂತ್?"

ಮಾವ ನನ್ನ ಕಡೆ ಒಮ್ಮೆ ನೋಡಿದ. ಬೈಗುಳ ಬರುತ್ತದೆ ಎಂದು ನಾನು ಕುತ್ತಿಗೆ ತಗ್ಗಿಸಿದೆ. ಬರಲಿಲ್ಲ. ಅವನು ಮಾಸ್ಟ್ರ ಎದುರು ಕುಕ್ಕರಗಾಲಿನಲ್ಲಿ ಕೂತು ಹೇಳತೊಡಗಿದ. ಬೆಳಿಗ್ಗೆಯ ಗಂಜಿಗೆ ಸುಟ್ಟ ಒಣ ಮೀನು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಸಿಗಡಿ ಚಟ್ನಿ. ಹಿತ್ತಿಲ ಬಸಳೆ. ಮಳೆಗಾಲದಲ್ಲಿ ಹುರುಳಿ. ಹೇಳುತ್ತ ಹೇಳುತ್ತ ಅವನ ದನಿ ಏರಿತು. "ನಮ್ಮನಿ ಮಕ್ಳ್ ಒಂದಿನ ಹಸ್ದ್ ಮನಿಕಂಡದ್ದಿಲ್ಲ. ಅದ್ನೂ ಬರ್ಕಣಿ!" ಮಾಸ್ಟ್ರು ಅದನ್ನೂ ಬರೆದರು.

"ಈಗ ಪರೀಕ್ಷಿಗ್ ಓಡುಕ್ ಬಿಡ್ತ್ರಿಯಾ?"

"ಓಡ್ಲಿ. ಮೂರೂ ಪಾಸಾರೆ ಮುಂದಿನ್ ಮಾತ್. ಒಂದ್ರಗೆ ಬಿದ್ರೂ ಹೈಸ್ಕೂಲ್ ಸುದ್ದಿ ಎತ್ತುಕಾಗ, ನೀವೂ ಎತ್ತುಕಾಗ."

ಹೋಗುವಾಗ ಮಾಸ್ಟ್ರು ಕಡಲಿನಲ್ಲಿ ಮೂರು ಸಲ ಕೈ ತೊಳೆದುಕೊಂಡರು. ಅದನ್ನೂ ನಾನು ಕಂಡಿದ್ದೇನೆ. ಆದರೆ ಮರುದಿನ ಕ್ಲಾಸಿನಲ್ಲಿ, "ತಿಂದದ್ದನ್ನೆಲ್ಲ ಬರೀರಿ. ಶ್ರೀಗೆ ಎಂತದೂ ಆತಿಲ್ಲ" ಎಂದು ದೊಡ್ಡ ದನಿಯಲ್ಲಿ ಹೇಳಿದರು. ನಮ್ಮ ಕೇರಿಯ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಹಾಲು, ತುಪ್ಪದ ಹುಡುಗ ಎದ್ದು ನಿಂತು, "ಸಾರ್, ಚಿಪ್ಪಿನ್ ಸಾರೂ ಬರಿಲಕ್ಕಾ?" ಎಂದು ಕೇಳಿದ.

ಪರೀಕ್ಷೆಗೆ ಮೂರು ವಾರ ಇತ್ತು. ನಾನು ದಿನಾ ಸಂಜೆ ಕಡಲ ಬದಿಯಲ್ಲಿ ಓಡಿದೆ. ಅದೂ ಒಂದು ತಪ್ಪೇ, ಆಗ ಗೊತ್ತಾಗಲಿಲ್ಲ.

ಪರೀಕ್ಷೆಯ ದಿನ ಜಿಗಿತ ಸುಲಭವಾಯಿತು. ಗುಂಡು ಎರಡು ಸಲ ಸುಣ್ಣದ ಗೆರೆಯ ಈಚೆ ಬಿತ್ತು, ಮೂರನೆಯ ಸಲ ಗೆರೆ ದಾಟಿತು. ಕೊನೆಗೆ ಅರ್ಧ ಮೈಲಿ ಓಟ, ಮೈದಾನಕ್ಕೆ ನಾಲ್ಕು ಸುತ್ತು, ಸೀಟಿ ಊದುವುದರೊಳಗೆ ಮುಗಿಸಬೇಕು. ಮೈದಾನ ಮುರಕಲ್ಲಿನ ನೆಲ. ಮರಳಿನಲ್ಲಿ ಓಡಿದ ಕಾಲಿಗೆ ಗಟ್ಟಿ ನೆಲ ಸಿಕ್ಕಿದ್ದೇ ತಡ, ಯಾರೋ ಹಿಂದಿನಿಂದ ನೂಕಿದ ಹಾಗೆ ಹಾರಿದೆ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ. ಎರಡನೆಯದರಲ್ಲೂ. ಮೂರನೆಯ ಸುತ್ತಿಗೆ ಉಸಿರು ಖಾಲಿ. ಮರಳು ಹಿಡಿದು ನಿಧಾನ ಮಾಡುತ್ತಿದ್ದ ವೇಗವನ್ನು ನಾನೇ ಹಿಡಿಯಬೇಕಿತ್ತು, ನನಗೆ ಅದು ಬರುತ್ತಿರಲಿಲ್ಲ. ಅಂಗಾಲು ಉರಿಯುತ್ತಿತ್ತು. ಒಬ್ಬೊಬ್ಬರೇ ದಾಟಿ ಹೋದರು. ಬದಿಯಲ್ಲಿ ಕೂತುಬಿಡಬೇಕು ಎನಿಸಿತು. ಕೂತರೆ ನಾಳೆಯಿಂದ ಏನು ಎಂಬುದು ಕಣ್ಣೆದುರೇ ಇತ್ತು: ಬಾವಿ, ಒಲೆ, ಬುಟ್ಟಿ, ಮತ್ತೆ ಬಾವಿ. ಲಂಗವನ್ನು ಎರಡೂ ಕೈಯಲ್ಲಿ ಮೇಲೆ ಹಿಡಿದು, ನಡೆದೆನೋ ಓಡಿದೆನೋ, ಕೊನೆಯ ಗೆರೆ ದಾಟಿ ಬಿದ್ದೆ. ಮೊಣಕಾಲು ತರಚಿತು. ಬಿದ್ದ ಮೇಲೆ ಸೀಟಿ ಕೇಳಿತು.

ಸರ್ಟಿಫಿಕೇಟು ಕೊಡುವ ದಿನ ಮಾವ ಬಂದಿದ್ದ. ಪೇಟೆಗೆ ಹೋಗುವಾಗ ಹಾಕುವ ಅಂಗಿ ಹಾಕಿದ್ದ. ಒಳಗೆ ಬನ್ನಿ ಎಂದರೂ ಬರದೆ ಜಗಲಿಯ ಕಂಬಕ್ಕೆ ಒರಗಿ ನಿಂತ. ನನ್ನ ಸರದಿ ಬಂತು. ಡ್ರಿಲ್ ಮಾಸ್ಟ್ರು ಕಾಗದ ಕೊಟ್ಟು ಕಂಬದ ಕಡೆ ಕಣ್ಣು ಮಾಡಿದರು. ತಂದು ಮಾವನ ಕೈಗೆ ಕೊಟ್ಟೆ. ಅವನು ಹೆಗಲ ಬೈರಾಸಿಗೆ ಕೈ ಒರೆಸಿಕೊಂಡು ಅಂಚಿನಲ್ಲಿ ಹಿಡಿದ. ಅಚ್ಚಿನ ಅಕ್ಷರಗಳ ಮೇಲೆ, ಮೊಹರಿನ ಮೇಲೆ ಕಣ್ಣಾಡಿಸಿದ.

"ದುರ್ಬಲ ಅಂದೇಳಿ ಇದ್ರಗೆ ಎಲ್ಲೂ ಇಲ್ಯಲೆ?"

"ಇಲ್ಲೆ ಮಾವ."

ಕಾಗದವನ್ನು ನನಗೆ ವಾಪಸು ಕೊಟ್ಟು ಜಗಲಿ ಇಳಿದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಎಂತಕ್ ನಿಂತಿದ್ದೆ ಹೆಣೆ? ಪ್ಯಾಟಿಗ್ ಹೋಪ, ಒಂದ್ ಕೊಡೆ ತಕಂಬ. ಹೈಸ್ಕೂಲ್ ಶುರು ಆಪ ಹೊತ್ತಿಗೆ ಮಳಿ. ದಿನಾ ನಾಲ್ಕ್ ಮೈಲಿ ಚಂಡಿ ಆಯ್ಕಂಡ್ ಹೋಪುದಾ?"